ಪದವಿಯ ಮುಂದಿನ ಲೆಕ್ಕ
(ಮಹಾರಾಷ್ಟ್ರದ ಕನ್ನಡ ಜೈನ ಕುಟುಂಬಗಳ ಪಾಲಕರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಪ್ರತಿ ವರ್ಷ ಫಲಿತಾಂಶ ಬಂದ ಮೇಲೆ ಸಮಾಜದ ಭವನಗಳಲ್ಲಿ ಪ್ರತಿಭಾ ಪುರಸ್ಕಾರ ನಡೆಯುತ್ತದೆ. ಹತ್ತನೆಯ ತರಗತಿ, ಹನ್ನೆರಡನೆಯ ತರಗತಿ, ಬಿ.ಎ., ಬಿ.ಕಾಂ., ಬಿ.ಎಸ್ಸಿ. ಎಂದು ಸಾಲಾಗಿ ಹೆಸರು ಕೂಗುತ್ತಾರೆ. ಶಾಲು, ಫಲಕ, ಲಕೋಟೆ ಕೊಡುತ್ತಾರೆ. ಮರುವರ್ಷ ಅದೇ ವೇದಿಕೆಗೆ ಹೊಸ ಮಕ್ಕಳು ಬರುತ್ತಾರೆ. ಹಿಂದಿನ ವರ್ಷ ಶಾಲು ಹೊದ್ದ ಮಗಳು ಈಗ ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂದು ಯಾವ ಸಮಿತಿಯೂ ಕೇಳುವುದಿಲ್ಲ. ಹಣ ಹೂಡಿದವನು ವರ್ಷಾಂತ್ಯದಲ್ಲಿ ಲೆಕ್ಕ ಕೇಳದಿರುವುದು ವ್ಯಾಪಾರದಲ್ಲಿ ಊಹಿಸಲಾಗದ ಮಾತು. ಆದರೆ ವಿದ್ಯೆಗೆ ಹೂಡಿದ ಹಣದ ವಿಷಯದಲ್ಲಿ ವ್ಯಾಪಾರವನ್ನೇ ಕುಲವೃತ್ತಿಯಾಗಿ ಉಳ್ಳ ಸಮಾಜವು ಈ ಪ್ರಶ್ನೆಯನ್ನು ಮರೆತಿದೆ.

ಈ ಪ್ರಶ್ನೆಯನ್ನು ಮರೆಯದವರ ಪದ್ಧತಿಯನ್ನು ಮೊದಲು ನೋಡಬಹುದು. ಅಮೆರಿಕದಲ್ಲಿ ಕ್ರೈಸ್ತ ಸಭೆಗಳು ನಡೆಸುವ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳು ಅನೇಕ. ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ, ಜೀವಶಾಸ್ತ್ರ ಕಲಿತ ಹುಡುಗನಿಗೆ ಕೆಲಸ ಸಿಗುತ್ತದೆಯೇ ಎಂದು ಅಲ್ಲಿನ ತಂದೆತಾಯಿಗಳೂ ಇಲ್ಲಿನವರಂತೆಯೇ ಕೇಳುತ್ತಾರೆ. ಅದಕ್ಕೆ ಉತ್ತರವಾಗಿ ಕಾಲೇಜುಗಳು ಪದವಿ ಮುಗಿದ ಆರು ತಿಂಗಳೊಳಗೆ ಪ್ರತಿ ಪದವೀಧರನ ಸ್ಥಿತಿಯನ್ನು ವಿಚಾರಿಸಿ ಪ್ರಕಟಿಸುತ್ತವೆ. ಎಷ್ಟು ಜನ ಕೆಲಸದಲ್ಲಿದ್ದಾರೆ, ಎಷ್ಟು ಜನ ಮುಂದೆ ಓದುತ್ತಿದ್ದಾರೆ, ಎಷ್ಟು ಜನ ಇನ್ನೂ ಹುಡುಕುತ್ತಿದ್ದಾರೆ ಎಂಬುದು ಅದರಲ್ಲಿರುತ್ತದೆ. ಇದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿದೆ: ಒಟ್ಟು ಪದವೀಧರರಲ್ಲಿ ಎಷ್ಟು ಜನರ ಮಾಹಿತಿ ಕಾಲೇಜಿಗೆ ಗೊತ್ತಿದೆ ಎಂಬುದು. ಅಲ್ಲಿನ ಉದ್ಯೋಗ ಮಾರ್ಗದರ್ಶಕರ ರಾಷ್ಟ್ರೀಯ ಸಂಘವು ಕನಿಷ್ಠ ಶೇ. 65ರಷ್ಟು ಜನರ ಮಾಹಿತಿಯಾದರೂ ಇರಬೇಕೆಂಬ ಗುರಿಯನ್ನು ಇಟ್ಟಿದೆ.

ಈ ಕೊನೆಯ ಅಂಕಿ ಏಕೆ ಮುಖ್ಯವೆಂಬುದನ್ನು ಒಂದು ಸರಳ ಉದಾಹರಣೆಯಿಂದ ತಿಳಿಯಬಹುದು. ಒಂದು ಕಾಲೇಜಿನಿಂದ 200 ಜನ ಪದವಿ ಪಡೆದರೆಂದು ಇಟ್ಟುಕೊಳ್ಳಿ. ಕಾಲೇಜಿನ ವಿಚಾರಣೆಗೆ 100 ಜನ ಉತ್ತರಿಸಿದರು. ಅವರಲ್ಲಿ 50 ಜನ ಮುಂದೆ ಓದುತ್ತಿದ್ದಾರೆ, 40 ಜನ ಕೆಲಸದಲ್ಲಿದ್ದಾರೆ, 10 ಜನ ಮನೆಯಲ್ಲಿದ್ದಾರೆ. ಕಾಲೇಜಿನ ಫಲಕದ ಮೇಲೆ 'ಶೇ. 90 ಯಶಸ್ಸು' ಎಂದು ಬರೆಯಬಹುದು, ಅದು ಸುಳ್ಳಲ್ಲ. ಆದರೆ ಕೆಲಸದಲ್ಲಿರುವ 40 ಜನರಲ್ಲಿ 15 ಜನ ಪದವಿಯೇ ಬೇಕಿಲ್ಲದ ಕೆಲಸದಲ್ಲಿದ್ದರೆ, ಪದವಿಗೆ ತಕ್ಕ ಕೆಲಸ ಸಿಕ್ಕಿತೆಂದು ಖಚಿತವಾಗಿ ಹೇಳಬಹುದಾದವರು 200ರಲ್ಲಿ 25 ಜನ ಮಾತ್ರ, ಎಂದರೆ ಎಂಟರಲ್ಲಿ ಒಬ್ಬರು. ಉಳಿದ 100 ಜನ ನಿರುದ್ಯೋಗಿಗಳೆಂದು ಅರ್ಥವಲ್ಲ. ಅವರ ವಿಷಯ ತಿಳಿಯದು ಎಂದಷ್ಟೇ ಅರ್ಥ. ಫಲಕ ಓದುವ ಪಾಲಕರು ಮೇಲಿನ ಅಂಕಿಯ ಜೊತೆಗೆ ಛೇದದಲ್ಲಿರುವ ಅಂಕಿಯನ್ನೂ ಕೇಳಬೇಕು.

ಸಂಬಳದ ಮಾತೂ ಹೀಗೆಯೇ. ಐವರಲ್ಲಿ ನಾಲ್ವರಿಗೆ ವರ್ಷಕ್ಕೆ ₹2 ಲಕ್ಷ, ಒಬ್ಬನಿಗೆ ₹12 ಲಕ್ಷ ಸಿಕ್ಕರೆ ಸರಾಸರಿ ₹4 ಲಕ್ಷವಾಗುತ್ತದೆ. ಆ ₹4 ಲಕ್ಷ ಐವರಲ್ಲಿ ಒಬ್ಬನ ಕೈಗೂ ಬರುವುದಿಲ್ಲ. ಸಾಲಾಗಿ ನಿಲ್ಲಿಸಿದಾಗ ನಡುವೆ ನಿಲ್ಲುವವನ ಸಂಬಳವೇ, ಅಂದರೆ ಮಧ್ಯಾಂಕವೇ, ಸತ್ಯಕ್ಕೆ ಹತ್ತಿರದ ಅಂಕಿ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಕಾಲೇಜುಗಳು ಎಷ್ಟು ಜನ ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಜನ ಮುಗಿಸಿದರು, ಎಷ್ಟು ಜನರಿಗೆ ಕೆಲಸವಾಯಿತು, ಮಧ್ಯಾಂಕ ಸಂಬಳವೆಷ್ಟು, ಎಷ್ಟು ಜನ ಉನ್ನತ ವ್ಯಾಸಂಗಕ್ಕೆ ಹೋದರು ಎಂಬುದನ್ನು ತುಂಬಿಕೊಡಬೇಕು. ತಮ್ಮ ಜಾಲತಾಣದಲ್ಲಿಯೂ ಹಾಕಬೇಕು. ಪ್ರವೇಶಕ್ಕೆ ಮೊದಲು ಆ ಒಂದು ಪುಟವನ್ನು ಓದುವ ಪಾಲಕರು ವಿರಳ.

ಈಗ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರಗಳ ಕಡೆಗೆ ಬರೋಣ. ಈ ಎರಡು ನಗರಗಳ ಆಸುಪಾಸಿನಲ್ಲಿ ಭಿನ್ನ ಸಮುದಾಯಗಳು ಒಂದೇ ಹಂಬಲದಿಂದ ಕಾಲೇಜು ಕಟ್ಟಿದ ಇತಿಹಾಸವಿದೆ. ಎರಡೂ ನಗರಗಳಿಗೆ ನೆರೆಯಾದ ಅಹಮದ್‌ನಗರದಲ್ಲಿ, ಈಗಿನ ಅಹಿಲ್ಯಾನಗರದಲ್ಲಿ, ಕ್ರೈಸ್ತ ಶಿಕ್ಷಣತಜ್ಞ ಡಾ. ಭಾಸ್ಕರ ಪಾಂಡುರಂಗ ಹಿವಾಳೆಯವರು 1947ರಲ್ಲಿ ಅಹಮದ್‌ನಗರ ಕಾಲೇಜನ್ನು ಸ್ಥಾಪಿಸಿದರು. ಸಂಭಾಜಿನಗರದಲ್ಲಿ ಡಾ. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿಯು 1950ರಲ್ಲಿ ಆರಂಭಿಸಿದ ಸಂಸ್ಥೆಯೇ ಮಿಲಿಂದ ಕಾಲೇಜು. ಅಲ್ಲಿಯೇ ಡಾ. ರಫೀಕ್ ಝಕಾರಿಯಾ ಅವರ ಯತ್ನದಿಂದ ಮೌಲಾನಾ ಆಜಾದ್ ಕಾಲೇಜು ನೆಲೆಗೊಂಡಿತು. ನಾಸಿಕ್ ಜಿಲ್ಲೆಯ ಚಾಂದವಡದಲ್ಲಿ ಕೇಶವಲಾಲಜಿ ಆಬಡ್ ಅವರು 1928ರಲ್ಲಿ ತೆರೆದ ಶ್ರೀ ನೇಮಿನಾಥ ಜೈನ ಬ್ರಹ್ಮಚರ್ಯಾಶ್ರಮವು ಇಂದು ಕಲೆ, ವಾಣಿಜ್ಯ, ವಿಜ್ಞಾನ, ಎಂಜಿನಿಯರಿಂಗ್, ಔಷಧಶಾಸ್ತ್ರ ಕಾಲೇಜುಗಳ ಸಮೂಹವಾಗಿದೆ. ಕ್ರೈಸ್ತರು, ಬೌದ್ಧರು, ಮುಸಲ್ಮಾನರು, ಜೈನರು ಬೇರೆ ಬೇರೆ ದಾರಿಯಿಂದ ಬಂದು ಒಂದೇ ಪದವಿಯನ್ನು ಕೊಟ್ಟರು. ಆ ಪದವಿ ಕೊಂಡೊಯ್ದವರು ಎಲ್ಲಿ ತಲುಪಿದರು ಎಂಬ ಪ್ರಶ್ನೆ ಇವರೆಲ್ಲರಿಗೂ ಸಮಾನವಾದುದು.

ಎರಡೂ ನಗರಗಳಲ್ಲಿ ಉದ್ಯೋಗದ ನೆಲ ಬರಡಲ್ಲ. ನಾಸಿಕ್‌ನ ಸಾತಪುರ, ಅಂಬಡ ಕೈಗಾರಿಕಾ ವಸಾಹತುಗಳಿವೆ. ಓಝರಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್, ನಾಸಿಕ್ ರೋಡಿನಲ್ಲಿ ನೋಟು ಮುದ್ರಣಾಲಯ, ಲಾಸಲಗಾಂವದಲ್ಲಿ ಈರುಳ್ಳಿ ಪೇಟೆ, ಸುತ್ತ ದ್ರಾಕ್ಷಿ ತೋಟಗಳು. ಸಂಭಾಜಿನಗರದ ವಾಳೂಜಿನಲ್ಲಿ 1985ರಿಂದ ಬಜಾಜ್ ಆಟೋ ಇದೆ. ಶೇಂದ್ರಾ ಮತ್ತು ಬಿಡಕೀನಗಳಲ್ಲಿ ಆರಿಕ್ ಕೈಗಾರಿಕಾ ನಗರ ಬೆಳೆಯುತ್ತಿದೆ. ಬಿಡದಿಯಿಂದ ಕನ್ನಡಿಗರಿಗೆ ಪರಿಚಿತವಾದ ಟೊಯೋಟಾ ಕಿರ್ಲೋಸ್ಕರ್ ಕಂಪನಿಯು ಸುಮಾರು ₹20,000 ಕೋಟಿಯ ಕಾರ್ಖಾನೆಗಾಗಿ 2024ರ ಜುಲೈನಲ್ಲಿ ಮಹಾರಾಷ್ಟ್ರ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡಿದ್ದು ಸಂಭಾಜಿನಗರಕ್ಕಾಗಿಯೇ. ಆದರೆ ಇಂಥ ಕಾರ್ಖಾನೆಗಳ ಮೊದಲ ಕರೆ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಕಲಿತವರಿಗೆ. ಬಿ.ಎ. ಅಥವಾ ಬಿ.ಕಾಂ. ಪದವೀಧರನಿಗೆ ಅಲ್ಲಿರುವ ಬಾಗಿಲುಗಳು ಲೆಕ್ಕಪತ್ರ, ಜಿಎಸ್‌ಟಿ, ಖರೀದಿ, ದಾಸ್ತಾನು, ಸಾಗಣೆ, ರಫ್ತಿನ ಕಾಗದಪತ್ರ, ಸಿಬ್ಬಂದಿ ವಿಭಾಗ. ಈ ಬಾಗಿಲುಗಳು ಪ್ರಮಾಣಪತ್ರ ತೋರಿಸಿದ ಮಾತ್ರಕ್ಕೆ ತೆರೆಯವು. ಒಂದು ವರ್ಷವಾದರೂ ಕೈಯಿಂದ ಮಾಡಿದ ಕೆಲಸದ ಅನುಭವ ಬೇಕು.

ದೇಶದ ಚಿತ್ರವೂ ಇದನ್ನೇ ಹೇಳುತ್ತದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಮಾನವ ಅಭಿವೃದ್ಧಿ ಸಂಸ್ಥೆಗಳ 2024ರ ಭಾರತ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವೀಧರ ಯುವಜನರ ನಿರುದ್ಯೋಗ ಶೇ. 29.1, ಓದುಬರಹ ಬಾರದ ಯುವಜನರಲ್ಲಿ ಅದು ಶೇ. 3.4. ಓದದವನು ಸಿಕ್ಕ ಕೆಲಸಕ್ಕೆ ಹೋಗಲೇಬೇಕು. ಓದಿದವನು ತಕ್ಕ ಕೆಲಸಕ್ಕಾಗಿ ಕಾಯುತ್ತಾನೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2023ರ ವರದಿಯಲ್ಲಿ 25 ವರ್ಷದೊಳಗಿನ ಪದವೀಧರರ ನಿರುದ್ಯೋಗ ಶೇ. 42.3 ಇದ್ದರೆ, 35 ದಾಟಿದ ಪದವೀಧರರಲ್ಲಿ ಅದು ಶೇ. 5ಕ್ಕಿಂತ ಕಡಿಮೆ. ಕೊನೆಗೆ ಬಹುತೇಕರಿಗೆ ಏನೋ ಒಂದು ಕೆಲಸ ಸಿಗುತ್ತದೆ. ನಷ್ಟವಾಗುವುದು ನಡುವಿನ ವರ್ಷಗಳಲ್ಲಿ, ಮತ್ತು ಆ ನಷ್ಟವನ್ನು ಹೊರುವವರು ಎಲ್ಲರೂ ಸಮಾನರಲ್ಲ. ಮಗನಿಗೆ 35ರ ವರೆಗೆ ಕಾಯುವ ಅವಕಾಶವಿದೆ. ಮಗಳಿಗೆ ಆ ಅವಕಾಶವಿಲ್ಲ. ಅವಳ ಕಾಯುವಿಕೆ ಮದುವೆಯ ದಿನಕ್ಕೆ ಮುಗಿಯುತ್ತದೆ.

ಇಲ್ಲಿ ಜೈನ ಸಮಾಜವು ತನ್ನ ಲೆಕ್ಕಪುಸ್ತಕವನ್ನು ತಾನೇ ತೆರೆದು ನೋಡಬೇಕು. 2011ರ ಜನಗಣತಿಯಲ್ಲಿ ಜೈನರಲ್ಲಿ ಪದವೀಧರರ ಪ್ರಮಾಣ ಸುಮಾರು ಶೇ. 25.7, ದೇಶದ ಎಲ್ಲ ಧರ್ಮೀಯರಿಗಿಂತ ಹೆಚ್ಚು. ಕ್ರೈಸ್ತರಲ್ಲಿ ಅದು ಸುಮಾರು ಶೇ. 8.8. ಈ ಅಂಕಿಯನ್ನು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಅದೇ ಜನಗಣತಿಯ ಇನ್ನೊಂದು ಅಂಕಿಯನ್ನು ಯಾರೂ ಹೇಳುವುದಿಲ್ಲ. ದುಡಿಮೆಯಲ್ಲಿ ತೊಡಗಿದ ಮಹಿಳೆಯರ ಪ್ರಮಾಣ ಕ್ರೈಸ್ತರಲ್ಲಿ ಸುಮಾರು ಶೇ. 31, ಜೈನರಲ್ಲಿ ಸುಮಾರು ಶೇ. 12. ಪದವಿಯಲ್ಲಿ ಮೊದಲ ಸ್ಥಾನ, ಮಹಿಳೆಯರ ದುಡಿಮೆಯಲ್ಲಿ ಕೊನೆಯ ಸ್ಥಾನ. ಈ ಎರಡನ್ನೂ ಒಟ್ಟಿಗೆ ಇಟ್ಟಾಗ ಮಾತ್ರ ಲೆಕ್ಕ ಪೂರ್ಣವಾಗುತ್ತದೆ.

ಇದಕ್ಕೆ ಸಿದ್ಧ ಉತ್ತರಗಳಿವೆ. ಮೊದಲನೆಯದು, ಜೈನ ಸ್ತ್ರೀಯರು ಮನೆತನದ ಅಂಗಡಿಯಲ್ಲಿ ದುಡಿಯುತ್ತಾರೆ, ಜನಗಣತಿ ಅದನ್ನು ಎಣಿಸುವುದಿಲ್ಲ ಎಂಬುದು. ಇದರಲ್ಲಿ ಸತ್ಯಾಂಶವಿದೆ. ಆದರೆ ಎಣಿಕೆಗೆ ಬಾರದ ದುಡಿಮೆಗೆ ಸಂಬಳವೂ ಇಲ್ಲ, ಭವಿಷ್ಯನಿಧಿಯೂ ಇಲ್ಲ, ಅವಳ ಹೆಸರಿನಲ್ಲಿ ಸಾಲದ ಅರ್ಹತೆಯೂ ಇಲ್ಲ. ಪಾಲುದಾರಿಕೆ ಪತ್ರದಲ್ಲಿ ಸೊಸೆಯ ಹೆಸರಿರುತ್ತದೆ, ಸಹಿ ಇರುತ್ತದೆ. ಚೆಕ್ ಪುಸ್ತಕ ಇನ್ನೊಬ್ಬರ ಕಪಾಟಿನಲ್ಲಿರುತ್ತದೆ. ಎರಡನೆಯದು, ಮನೆಯಲ್ಲಿ ಅನುಕೂಲವಿರುವಾಗ ಮಗಳು ಏಕೆ ದುಡಿಯಬೇಕು ಎಂಬುದು. ಅನುಕೂಲ ಇಂದಿನದು. ವೈಧವ್ಯ, ವಿಚ್ಛೇದನ, ವ್ಯಾಪಾರದ ಕುಸಿತ ಹೇಳಿ ಬರುವುದಿಲ್ಲ. ಹದಿನೈದು ವರ್ಷ ಮನೆಯಲ್ಲಿದ್ದು ನಲವತ್ತರಲ್ಲಿ ಮೊದಲ ಬಾರಿ ಕೆಲಸ ಹುಡುಕುವ ಪದವೀಧರೆಗೆ ಪ್ರಮಾಣಪತ್ರ ಆಸರೆಯಾಗುವುದಿಲ್ಲ. ಮೂರನೆಯದು, ಇದು ಸಂಪ್ರದಾಯಕ್ಕೆ ಹೊರತು ಎಂಬುದು. ಜೈನ ಪರಂಪರೆ ಹೇಳುವುದು ಬೇರೆ. ಆದಿತೀರ್ಥಂಕರ ಋಷಭದೇವರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಜೀವನೋಪಾಯಗಳನ್ನು ಜನರಿಗೆ ಕಲಿಸಿದರು. ಅಕ್ಷರವನ್ನು ಬ್ರಾಹ್ಮಿಗೂ ಅಂಕವನ್ನು ಸುಂದರಿಗೂ ಕಲಿಸಿದರು. ಲಿಪಿಯನ್ನೂ ಗಣಿತವನ್ನೂ ಹೆಣ್ಣುಮಕ್ಕಳ ಕೈಗೆ ಕೊಟ್ಟ ಪರಂಪರೆಯಲ್ಲಿ ಹುಟ್ಟಿದವರು, ಮಗಳ ವಾಣಿಜ್ಯ ಪದವಿಯನ್ನು ವಿವಾಹದ ಬಯೋಡೇಟಾದ ಒಂದು ಸಾಲಾಗಿ ಮಾಡುವುದನ್ನು ಸಂಪ್ರದಾಯವೆನ್ನಲಾಗದು.

ಸರ್ಕಾರದ ಪಾತ್ರವನ್ನೂ ವಿಮರ್ಶಿಸಬೇಕು. 2014ರ ಜನವರಿಯಲ್ಲಿ ಕೇಂದ್ರವು ಜೈನರನ್ನು ಅಲ್ಪಸಂಖ್ಯಾತರೆಂದು ಘೋಷಿಸಿತು. ಆಗ ಅಭಿನಂದನಾ ಸಭೆಗಳು ನಡೆದವು. 2022ರಲ್ಲಿ ಅಲ್ಪಸಂಖ್ಯಾತರ ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ನಿಂತಿತು, ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 9 ಮತ್ತು 10ನೆಯ ತರಗತಿಗಳಿಗೆ ಸೀಮಿತವಾಯಿತು. ಆಗ ಸಮಾಜದ ಧ್ವನಿ ಕೇಳಲಿಲ್ಲ. ಜೈನರೆಲ್ಲರೂ ಶ್ರೀಮಂತರೆಂಬ ಹೊರಗಿನವರ ನಂಬಿಕೆಯನ್ನು ಸಮಾಜದ ಮುಖಂಡರೂ ನಂಬಿಕೊಂಡಿದ್ದಾರೆ. ಬೆಳಗಾವಿ, ಸಾಂಗಲಿ, ಕೊಲ್ಲಾಪುರ ಸೀಮೆಯಿಂದ ದುಡಿಮೆ ಅರಸಿ ಬಂದ ಸಣ್ಣ ರೈತನ ಮಗನಿಗೆ ಆ ನಂಬಿಕೆ ಅನ್ನ ಕೊಡುವುದಿಲ್ಲ.

ಇರುವ ಯೋಜನೆಗಳನ್ನಾದರೂ ಬಳಸಬೇಕು. 2024ರಲ್ಲಿ ಮಹಾರಾಷ್ಟ್ರ ಆರಂಭಿಸಿದ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ ₹10,000ದಂತೆ ಆರು ತಿಂಗಳ ತರಬೇತಿಯನ್ನು ನಿಗದಿಪಡಿಸಲಾಯಿತು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರ ಅಪ್ರೆಂಟಿಸ್‌ಗೆ 2019ರಲ್ಲಿ ₹9,000 ಕನಿಷ್ಠ ವೇತನ ಗೊತ್ತುಪಡಿಸಿ, ಅದರ ಅರ್ಧವನ್ನು ಕೇಂದ್ರವೇ ಭರಿಸುವ ವ್ಯವಸ್ಥೆ ಮಾಡಲಾಯಿತು. ಮೊತ್ತ ಚಿಕ್ಕದು, ನಿಜ. ಆದರೆ ಆ ಅವಧಿಯ ಅನುಭವಪತ್ರವೇ ಮೇಲೆ ಹೇಳಿದ ಬಾಗಿಲುಗಳ ಕೀಲಿಕೈ. ಕಾರ್ಖಾನೆ, ಗೋದಾಮು, ಲೆಕ್ಕಪರಿಶೋಧನಾ ಕಚೇರಿ ನಡೆಸುವ ಜೈನ ಉದ್ಯಮಿಗಳು ಎರಡೂ ನಗರಗಳಲ್ಲಿದ್ದಾರೆ. ಪ್ರತಿಯೊಬ್ಬರೂ ವರ್ಷಕ್ಕೆ ಇಬ್ಬರಿಗೆ ಹೀಗೆ ಅವಕಾಶ ಕೊಟ್ಟರೆ, ಇಬ್ಬರಲ್ಲಿ ಒಬ್ಬಳು ಮಗಳಾದರೆ, ಅದು ಶಾಲಿಗಿಂತ ದೊಡ್ಡ ಸನ್ಮಾನ.

ಅನುಕರಿಸಲು ಮಾದರಿಗಳು ಸಮಾಜದಲ್ಲಿಯೇ ಇವೆ. ಕುಂಭೋಜದಲ್ಲಿ ಜೈನ ಮನೆತನದಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, 'ಗಳಿಸು ಮತ್ತು ಕಲಿ' ಎಂಬ ತತ್ತ್ವವನ್ನು ಆಚರಣೆಗೆ ತಂದರು. ಹಿವಾಳೆಯವರು ಅಹಮದ್‌ನಗರದಲ್ಲಿ ಕಾಲೇಜು ತೆರೆದ 1947ರಲ್ಲಿಯೇ ಅವರು ಸಾತಾರೆಯಲ್ಲಿ ಛತ್ರಪತಿ ಶಿವಾಜಿ ಕಾಲೇಜನ್ನು ತೆರೆದರು. ಅಲ್ಲಿ ವಿದ್ಯಾರ್ಥಿ ದುಡಿಯುತ್ತಲೇ ಓದುತ್ತಿದ್ದನು. ಪದವಿ ಬಂದ ದಿನ ಅವನ ಕೈಗೆ ದುಡಿಮೆ ಹೊಸದಾಗಿರಲಿಲ್ಲ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ತರಬೇತಿ ಕೊಟ್ಟು ಕೈಬಿಡುವುದಿಲ್ಲ. ತರಬೇತಿ ಪಡೆದವರನ್ನು ಎರಡು ವರ್ಷ ಅನುಸರಿಸಿ, ಸಾಲ ಸಿಕ್ಕಿತೇ, ಉದ್ಯೋಗ ನಿಂತಿತೇ ಎಂದು ವಿಚಾರಿಸುತ್ತದೆ. ಮುಂದೆ ಕೇಂದ್ರ ಸರ್ಕಾರವೇ ಆ ಮಾದರಿಯನ್ನು ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು. ಅಮೆರಿಕದ ಕಾಲೇಜುಗಳು ಆರು ತಿಂಗಳಿಗೆ ಮಾಡುವುದನ್ನು ಉಜಿರೆಯು ಎರಡು ವರ್ಷ ಮಾಡುತ್ತಿದೆ.

ಆದುದರಿಂದ ಸಮಾಜದ ಟ್ರಸ್ಟುಗಳ ಮುಂದೆ ಇಡಬೇಕಾದ ಬೇಡಿಕೆ ಚಿಕ್ಕದು. ವಿದ್ಯಾರ್ಥಿವೇತನ ಪಡೆದ ಪ್ರತಿಯೊಬ್ಬರ ಹೆಸರಿಗೆ ಒಂದು ಪುಟ ತೆರೆಯಲಿ. ಪದವಿಯ ನಂತರ ಆರನೆಯ ತಿಂಗಳು, ಒಂದನೆಯ ವರ್ಷ, ಎರಡನೆಯ ವರ್ಷ, ಹೀಗೆ ಮೂರು ಬಾರಿ ವಿಚಾರಿಸಿ ಬರೆಯಲಿ. ಗಂಡು, ಹೆಣ್ಣು ಬೇರೆ ಬೇರೆ ಎಣಿಸಲಿ. ಉತ್ತರ ಬಾರದವರ ಸಂಖ್ಯೆಯನ್ನೂ ಮುಚ್ಚಿಡದೆ ಬರೆಯಲಿ. ವ್ಯಕ್ತಿಗಳ ಹೆಸರು ಹೊರಗೆ ಬರಬೇಕಿಲ್ಲ. ಒಟ್ಟು ಅಂಕಿಗಳನ್ನು ವಾರ್ಷಿಕ ಸಭೆಯಲ್ಲಿ ಆಯವ್ಯಯದ ಜೊತೆಗೆ ಓದಲಿ. ಇದಕ್ಕೆ ಬೇಕಾದುದು ಒಂದು ವಹಿ, ಒಂದು ದೂರವಾಣಿ, ಕೇಳುವ ಮನಸ್ಸು.

ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಆಹಾರದಾನ ಮಾಡುವವರು ಅತಿಥಿ ಉಂಡು ತೃಪ್ತನಾದನೇ ಎಂದು ನೋಡುತ್ತಾರೆ. ಔಷಧದಾನ ಮಾಡುವವರು ರೋಗ ಗುಣವಾಯಿತೇ ಎಂದು ಕೇಳುತ್ತಾರೆ. ವಿದ್ಯೆಯನ್ನು ದಾನ ಮಾಡುವ ಸಮಾಜವು ಆ ವಿದ್ಯೆ ಫಲಿಸಿತೇ ಎಂದು ಕೇಳುವುದನ್ನು ಮುಂದಿನ ಪುರಸ್ಕಾರ ಸಮಾರಂಭದಿಂದಲಾದರೂ ಆರಂಭಿಸಲಿ.

ಜೈನಂ ಜಯತು ಶಾಸನಂ.