ಗೇರ್ ಎಣ್ಣೆಯ ನಾತಕ್ಕೆ ಊದುಬತ್ತಿ ಮದ್ದಲ್ಲ

(ಮುಂಬ್ರಾದಲ್ಲಿ ಸೇರಿದ್ದ ಕನ್ನಡ ಲಾರಿ ಚಾಲಕ ಹಾಗೂ ಕ್ಲೀನರರ ಸಭೆಯಲ್ಲಿ ನಮ್ಮ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಗೇರ್ ಹಾಕಲು ಬಾರದವನೊಬ್ಬ ಗೇರ್ ಪೆಟ್ಟಿಗೆಯ ವಿಚಾರ ಹೇಳಲು ನಿಮ್ಮೆದುರು ನಿಂತಿದ್ದಾನೆ. ನಗು ಬಂದರೆ ನಕ್ಕುಬಿಡಿ, ಆಮೇಲೆ ಕೇಳಿ. ನಾನು ಏಳನೆಯ ತರಗತಿ ಓದಿದವನು. ಉಡುಪಿಯ ಕಡೆಯಿಂದ ಬಂದು ಮೊದಲು ಕಪ್ಪು-ಬಸಿ ತೊಳೆದೆ, ಆಮೇಲೆ ಮಾಣಿಯಾದೆ. ಶಿಳ್ ಫಾಟಾ ಬಳಿಯ ಹೋಟೆಲೊಂದರಲ್ಲಿ ಹಲವು ವರ್ಷ ಲಾರಿಯವರಿಗೆ ಚಹಾ ಕೊಟ್ಟಿದ್ದೇನೆ. ನಾನು ಇಂದು ಹೇಳುವುದೆಲ್ಲ ಆ ಮೇಜುಗಳ ಬಳಿ ಹಿರಿಯ ಚಾಲಕರಿಂದಲೂ, ಗ್ಯಾರೇಜಿನ ಮಿಸ್ತ್ರಿಗಳಿಂದಲೂ ಕೇಳಿ ಕಲಿತದ್ದು. ತಪ್ಪಿದ್ದರೆ ತಿಳಿದವರು ಇಲ್ಲಿಯೇ ತಿದ್ದಬೇಕು.

ಹೋಟೆಲಿನ ಕೆಲಸಗಾರನಿಗೆ ಓದು ಕಡಿಮೆಯಿದ್ದರೂ ಮೂಗು ಚುರುಕು. ಸಾಂಬಾರು ಹಳಸಿತೇ, ಹಾಲು ಸೀದಿತೇ, ಎಣ್ಣೆ ಕಮಟಿತೇ ಎಂಬುದನ್ನು ಮೂಗೇ ಮೊದಲು ಹೇಳುತ್ತದೆ. ಗಿರಣಿಯ ಹಿರಿಯರೂ ಹಾಗೆಯೇ. ಮಗ್ಗದ ಬೇರಿಂಗು ಕಾದರೆ ಕಣ್ಣಿಗೆ ಕಾಣುವ ಮೊದಲೇ ಅವರ ಮೂಗಿಗೆ ತಿಳಿಯುತ್ತಿತ್ತು. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ನಂತರ ಎಷ್ಟೋ ಗಿರಣಿಗಳ ಭೋಂಗಾ ಮತ್ತೆ ಕೂಗಲಿಲ್ಲ. ಆ ಮನೆಗಳ ಮಕ್ಕಳಲ್ಲಿ ಕೆಲವರು ಇಂದು ಲಾರಿ ಓಡಿಸುತ್ತಿದ್ದಾರೆ. ಆದುದರಿಂದ ಮೂಗಿನ ಈ ಮಾತು ನಮ್ಮೆಲ್ಲರದೂ ಹೌದು.

ಅಡುಗೆ ಗ್ಯಾಸಿಗೆ ತನ್ನದೇ ಆದ ವಾಸನೆ ಇಲ್ಲವೆಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ನಮಗೆ ಬರುವ ಆ ದುರ್ನಾತವನ್ನು ಬೇಕೆಂದೇ ಬೆರೆಸಿರುತ್ತಾರೆ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್ ಸಂಸ್ಥಾನದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ, ವಾಸನೆಯಿಲ್ಲದ ಅನಿಲ ಸೋರಿ ತುಂಬಿಕೊಂಡು ಸಿಡಿಯಿತು. ಮುನ್ನೂರರ ಹತ್ತಿರ ಜನ ಸತ್ತರು, ಹೆಚ್ಚಿನವರು ಮಕ್ಕಳು. ಸೋರಿದರೆ ಜನಕ್ಕೆ ತಿಳಿಯಲಿ ಎಂದು ಅನಿಲಕ್ಕೆ ನಾತ ಬೆರೆಸಬೇಕೆಂಬ ಕಾನೂನು ಅಲ್ಲಿ ಬಂದುದು ಅದಾದ ಮೇಲೆಯೇ. ಹೀಗೆ ಬೆರೆಸುವ ವಸ್ತುವಿನಲ್ಲಿ ಗಂಧಕವಿದೆ.

ಗೇರ್ ಎಣ್ಣೆಯ ನಾತಕ್ಕೂ ಗಂಧಕವೇ ಕಾರಣ. ಹಲ್ಲಿಗೆ ಹಲ್ಲು ಒತ್ತಿ ತಿರುಗುವಾಗ ಬರಿಯ ಎಣ್ಣೆ ಹಿಂಡಿಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ಹಾಗಾಗದಿರಲೆಂದು ಗಂಧಕ, ರಂಜಕಗಳ ಔಷಧವನ್ನು ಆ ಎಣ್ಣೆಗೆ ಸೇರಿಸುತ್ತಾರೆ. ಅದಕ್ಕೇ ಅದು ಕೊಳೆತ ಈರುಳ್ಳಿಯಂತೆ, ಸೀದ ಬೆಳ್ಳುಳ್ಳಿಯಂತೆ ನಾರುತ್ತದೆ. ಡಬ್ಬಿಯೊಳಗೆ ನಾತವಿದ್ದರೆ ದೋಷವಲ್ಲ. ಅದೇ ನಾತ ಕ್ಯಾಬಿನ್ನಿಗೆ ಬಂತೆಂದರೆ ಎಣ್ಣೆ ತನ್ನ ಜಾಗ ಬಿಟ್ಟು ಹೊರಟಿದೆ ಎಂದೇ ಅರ್ಥ. ಅದು ಯಂತ್ರ ಕೊಡುವ ನೋಟೀಸು.

ಈ ನೋಟೀಸನ್ನು ಓದದೆ ಮಡಿಸಿಟ್ಟ ಒಂದು ಪ್ರಸಂಗ ಹೇಳುತ್ತೇನೆ. ಹತ್ತು ವರ್ಷಗಳ ಹಿಂದಿನ ಮಾತು. ಇಂಡಿ ತಾಲ್ಲೂಕಿನ ಹಿರಿಯ ಚಾಲಕರೊಬ್ಬರು ನಮ್ಮ ಹೋಟೆಲಿಗೆ ಬರುತ್ತಿದ್ದರು. ನ್ಹಾವಾ ಶೇವಾ ಬಂದರಿನಿಂದ ಕಂಟೇನರು ಹೇರಿಕೊಂಡು ಕಳಂಬೋಲಿ, ತಳೋಜಾ, ಶಿಳ್ ಫಾಟಾ, ಮುಂಬ್ರಾ ಬೈಪಾಸು ಹಾದು ಭಿವಂಡಿಗೆ ಅವರ ಓಡಾಟ. ಒಂದು ದಿನ, "ತಮ್ಮಾ, ಗಾಡ್ಯಾಗ ಗೇರ್ ಎಣ್ಣಿ ನಾತ ಬರಾಕತ್ತೈತಿ. ಸೇಠ್‌ಗ ಹೇಳಿದ್ರ ಊದಿನಕಡ್ಡಿ ಹಚ್ಚು ಅಂತಾನ. ಒಂದ್ ಕಟ್ಟು ಕೊಡು" ಎಂದರು. "ಆಯ್ತು ಅಣ್ಣಾ" ಎಂದು ಗಲ್ಲೆಯ ಮೇಲಿದ್ದ ಊದುಬತ್ತಿಯ ಕಟ್ಟನ್ನು ತೆಗೆದು ಕೊಟ್ಟವನು ನಾನೇ.

ತಿಂಗಳು ಕಳೆಯುವುದರೊಳಗೆ, ದೇವಿಯ ಗುಡ್ಡದ ಮಗ್ಗುಲಿಗಿರುವ ಬೈಪಾಸಿನ ಏರಿನಲ್ಲಿ ಅವರ ಗಾಡಿಯ ಕ್ಲಚ್ ಜಾರಿತು. ಎಂಜಿನ್ ಕೂಗುತ್ತಿದೆ, ಗಾಲಿ ತಿರುಗದು. ತುಂಬಿದ ಕಂಟೇನರು, ಹಿಂದೆ ಸಾಲುಗಟ್ಟಿದ ವಾಹನಗಳು. ಕ್ಲೀನರ್ ಹುಡುಗ ಹಾರಿ ಇಳಿದು ಗಾಲಿಗೆ ಕಲ್ಲು ಕೊಟ್ಟ. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಮಾಲೀಕರು ಮಾತ್ರ, "ಕ್ಲಚ್ ಮೇಲೆ ಕಾಲಿಟ್ಟೇ ಓಡಿಸಿ ಸುಟ್ಟಿದ್ದಾನೆ" ಎಂದು ಎರಡು ತಿಂಗಳ ಪಗಾರ ಹಿಡಿದರು. ಪೆಟ್ಟಿಗೆ ಇಳಿಸಿ ನೋಡಿದಾಗ ಕ್ಲಚ್ ತಟ್ಟೆ ಗೇರ್ ಎಣ್ಣೆಯಲ್ಲಿ ತೊಯ್ದಿತ್ತು. ತಪ್ಪು ಕಾಲಿನದಲ್ಲ, ಸೀಲಿನದು. ಆದರೆ ಮೊದಲೇ ಹೇಳಿದ್ದಕ್ಕೆ ಬರವಣಿಗೆ ಇರಲಿಲ್ಲ. "ನನಗೆ ಯಾರೂ ಹೇಳಿಲ್ಲ" ಎಂಬ ಒಂದೇ ಮಾತಿನಲ್ಲಿ ವ್ಯವಹಾರ ಮುಗಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು. ಆ ಊದುಬತ್ತಿ ನನ್ನನ್ನು ಸುಟ್ಟಷ್ಟು ಬೇರೇನೂ ಸುಟ್ಟಿಲ್ಲ. ನಾನು ಸಂಘದ ಕೆಲಸಕ್ಕೆ ಬಂದದ್ದು ಆಮೇಲೆ.

ಹಾಗಾದರೆ ನಾತ ಬಂದಾಗ ಮಾಡಬೇಕಾದದ್ದೇನು? ಮೊದಲು ಅದು ಯಾವ ನಾತವೆಂದು ಗುರುತಿಸಿರಿ. ಕಾಗದ ಸುಟ್ಟಂತಿದ್ದು ಏರಿನಲ್ಲಿ ಹೆಚ್ಚಾದರೆ ಕ್ಲಚ್ ಸುಡುತ್ತಿರಬಹುದು. ಘಾಟಿನ ಇಳಿತದಲ್ಲಿ ಬಂದರೆ ಬ್ರೇಕು. ಪ್ಲಾಸ್ಟಿಕ್ ಸುಟ್ಟಂತಿದ್ದರೆ ವೈರಿಂಗು. ಆಗ ಕೂಡಲೇ ಗಾಡಿ ನಿಲ್ಲಿಸಿರಿ. ಸಿಹಿಯಾಗಿ ಬಂದರೆ ರೇಡಿಯೇಟರಿನ ಕೂಲೆಂಟು. ಬೆಳ್ಳುಳ್ಳಿ-ಗಂಧಕದ ನಾತವಿದ್ದರೆ ಮಾತ್ರ ಗೇರ್ ಎಣ್ಣೆ.

ಎರಡನೆಯದಾಗಿ, ಕೆಳಗೆ ನುಗ್ಗುವ ಮೊದಲು ಕ್ಯಾಬಿನ್ನಿನೊಳಗೆ ಹುಡುಕಿರಿ. ಸೀಟಿನ ಕೆಳಗೆ ಉಳಿದ ಎಣ್ಣೆಯ ಡಬ್ಬಿ ಮಗುಚಿದೆಯೇ? ಕೈ ಒರೆಸಿದ ವೇಸ್ಟ್ ಹತ್ತಿ ಮೂಲೆಯಲ್ಲಿದೆಯೇ? ಬೂಟಿನ ಅಡಿಯಿಂದ ಚಾಪೆಗೆ ಎಣ್ಣೆ ಹತ್ತಿದೆಯೇ? ಎಷ್ಟೋ ಸಲ ಕಳ್ಳ ಮನೆಯೊಳಗೇ ಇರುತ್ತಾನೆ. ಕೇಬಲಿನ ಮೀಟರಿರುವ ಹಳೆಯ ಲಾರಿಗಳಲ್ಲಿ ಇನ್ನೊಂದು ಗುಟ್ಟಿದೆ: ಮೀಟರಿನ ಕೇಬಲ್ ಗೇರ್ ಪೆಟ್ಟಿಗೆಯಿಂದ ಹೊರಡುತ್ತದೆ; ಅಲ್ಲಿಯ ಚಿಕ್ಕ ಸೀಲ್ ಸವೆದರೆ ದೀಪದ ಬತ್ತಿಗೆ ಎಣ್ಣೆ ಏರಿದಂತೆ ಕೇಬಲಿನೊಳಗೆ ಎಣ್ಣೆ ಏರಿ ಡ್ಯಾಶ್‌ಬೋರ್ಡಿನ ಹಿಂದೆ ತೊಟ್ಟಿಕ್ಕುತ್ತದೆ.

ಮೂರನೆಯದಾಗಿ, ಗೇರ್ ಕೋಲಿನ ಬುಡದ ರಬ್ಬರು ಚೀಲವನ್ನೂ, ಎಂಜಿನ್ ಮುಚ್ಚಳದ ಅಂಚಿನ ರಬ್ಬರನ್ನೂ ನೋಡಿರಿ. ಅವು ಹರಿದಿದ್ದರೆ ಕೆಳಗಿನ ನಾತಕ್ಕೆ ಬಾಗಿಲು ತೆರೆದಂತೆ. ಆ ಬಾಗಿಲಿನಿಂದ ಡೀಸೆಲ್ ಹೊಗೆಯೂ ಬರುತ್ತದೆಂಬುದನ್ನು ಮರೆಯಬೇಡಿರಿ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆಂದು ಸ್ಪಷ್ಟವಾಗಿ ಹೇಳಿದೆ. ಹರಿದ ರಬ್ಬರನ್ನು ಬದಲಿಸುವುದು ಸಣ್ಣ ಖರ್ಚು. ಆ ಕ್ಯಾಬಿನ್ನಿನಲ್ಲೇ ಉಂಡು ಮಲಗುವವನ ಎದೆಗೂಡು ಸಣ್ಣದಲ್ಲ. ಆದರೆ ರಬ್ಬರು ಹಾಕಿ ಕೆಲಸ ಮುಗಿಯಿತೆಂದು ಕೂರಬೇಡಿರಿ. ಬಾಗಿಲು ಮುಚ್ಚಿದ್ದಾಯಿತು, ಸೋರಿಕೆ ನಿಂತಿಲ್ಲ.

ನಾಲ್ಕನೆಯದಾಗಿ ಕೆಳಗೆ ಇಳಿಯಬೇಕು. ಮಟ್ಟಸ ನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗೆ ಅಡ್ಡ ಕೊಟ್ಟು, ಚಾವಿಯನ್ನು ಕಿಸೆಗೆ ಹಾಕಿಕೊಳ್ಳಿರಿ. ಸೈಲೆನ್ಸರ್ ಆರಲಿ. ಕ್ಯಾಬಿನ್ ಎತ್ತಿದ್ದರೆ ಆಧಾರದ ಕೊಕ್ಕೆ ಬಿದ್ದಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿರಿ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕ್ಲೀನರ್ ತಮ್ಮಂದಿರು, ಯಾರು ಹೇಳಿದರೂ, ನುಗ್ಗಬೇಡಿರಿ.

ಎಣ್ಣೆಯೂ ಧೂಳೂ ಮೆತ್ತಿದ ಪೆಟ್ಟಿಗೆಯಲ್ಲಿ ಸೋರುವ ಜಾಗ ಕಾಣದು. ಅದನ್ನು ತಿಕ್ಕಿ ತೊಳೆದು ಒಣಗಿಸಿ, ಜೋಡಣೆಗಳ ಮೇಲೆ ತೆಳುವಾಗಿ ಪೌಡರು ಉದುರಿಸಿ, ಸ್ವಲ್ಪ ದೂರ ಓಡಿಸಿ ಬಂದು ನೋಡಿದರೆ ಪೌಡರು ಎಲ್ಲಿ ಒದ್ದೆಯಾಗಿದೆಯೋ ಅಲ್ಲಿ ಸೋರಿಕೆ. ರಾತ್ರಿ ಕೆಳಗೆ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಹನಿ ಬಿದ್ದ ಜಾಗ ತಿಳಿಯುತ್ತದೆ. ಗಾಳಿಗೆ ಎಣ್ಣೆ ಹಿಂದಕ್ಕೆ ಹರಿಯುವುದರಿಂದ, ಒದ್ದೆಯಿರುವ ಕಡೆಗಳಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಜಾಗವನ್ನೇ ಶಂಕಿಸಬೇಕು.

ಸೋರುವ ಜಾಗಗಳು ಮುಖ್ಯವಾಗಿ ಮೂರು. ಮುಂದಿನ ಸೀಲ್ ಹೋದರೆ ಎಣ್ಣೆ ಕ್ಲಚ್ಚಿನ ಗೂಡಿಗೆ ಇಳಿದು ಅದರ ಅಡಿಯಿಂದ ತೊಟ್ಟಿಕ್ಕುತ್ತದೆ. ಅಲ್ಲಿ ಹನಿ ಕಂಡರೆ ಮೂಸಿ ನೋಡಿರಿ. ಕಪ್ಪಾಗಿದ್ದು ಗಂಧಕದ ನಾತವಿಲ್ಲದಿದ್ದರೆ ಎಂಜಿನ್ ಎಣ್ಣೆ. ಗಂಧಕದ ನಾತವಿದ್ದರೆ ಗೇರ್ ಎಣ್ಣೆ. ನಮ್ಮ ಇಂಡಿಯ ಅಣ್ಣನ ಗಾಡಿಗೆ ಆದದ್ದು ಇದೇ. ಇದನ್ನು ಕಂಡ ಮೇಲೆ ಘಾಟು ಹತ್ತಬಾರದು. ಹಿಂದಿನ ಸೀಲ್ ಹೋದರೆ ತಿರುಗುವ ಶಾಫ್ಟು ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಅದು ಬಿಸಿ ಸೈಲೆನ್ಸರಿನ ಮೇಲೆ ಬಿದ್ದು ಹೊಗೆಯಾಗುತ್ತದೆ, ಬೆಂಕಿಯ ಭಯವೂ ಉಂಟು. ಮೂರನೆಯದು ಗೇರ್ ಕೋಲು ಕೂರುವ ಮೇಲಿನ ಮುಚ್ಚಳದ ಪ್ಯಾಕಿಂಗು.

ಆದರೆ ಸೀಲ್ ಬಿಚ್ಚುವ ಮೊದಲು ಬ್ರೀದರ್ ನೋಡಿರಿ. ಇಡ್ಲಿಯ ಪಾತ್ರೆಯಲ್ಲಿ ಹಬೆ ಹೋಗುವ ದಾರಿ ಮುಚ್ಚಿದರೆ ಅದು ಮುಚ್ಚಳದ ಅಂಚಿನಿಂದ ಬುಸುಗುಟ್ಟುವುದಿಲ್ಲವೇ? ಗೇರ್ ಪೆಟ್ಟಿಗೆಯೂ ಹಾಗೆಯೇ. ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಹೋಗಲು ಮೇಲೊಂದು ಚಿಕ್ಕ ಮೂಗು ಇದೆ, ಅದೇ ಬ್ರೀದರ್. ಮಳೆಗಾಲದ ನಮ್ಮ ರಸ್ತೆಗಳ ಕೆಸರು ಆ ಮೂಗನ್ನು ಕಟ್ಟಿಬಿಡುತ್ತದೆ. ಮೂಗು ಮುಚ್ಚಿದರೆ ಬಾಯಿ ತೆರೆಯುತ್ತದೆಂಬ ಗಾದೆಯಂತೆ, ಗಾಳಿ ಎಣ್ಣೆಯನ್ನು ಒಳ್ಳೆಯ ಸೀಲಿನಿಂದಲೂ ಹೊರಗೆ ತಳ್ಳುತ್ತದೆ. ಬ್ರೀದರ್ ಬಿಚ್ಚಿ ಸೀಮೆ ಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆದು ಊದಿ ಹಾಕಿದರೆ, ಕೆಲವೊಮ್ಮೆ ಸೋರಿಕೆ ಅಷ್ಟಕ್ಕೇ ನಿಲ್ಲುತ್ತದೆ. ಅದನ್ನು ನೋಡದೆ ಹಾಕಿದ ಹೊಸ ಸೀಲೂ ಸೋರುತ್ತದೆ.

ಎಣ್ಣೆಯ ಮಟ್ಟವನ್ನೂ ನೋಡಬೇಕು. ಬಹುತೇಕ ಪೆಟ್ಟಿಗೆಗಳಲ್ಲಿ ಬದಿಯ ತಿರುಪು ಬಿಚ್ಚಿದಾಗ ಎಣ್ಣೆ ತೂತಿನ ಕೆಳ ಅಂಚಿಗೆ ಸಮನಾಗಿರಬೇಕು. ಹೆಚ್ಚಾದರೆ ನೊರೆಯೆದ್ದು ಹೊರಬರುತ್ತದೆ; ಕಡಿಮೆಯಾದರೆ ಕಾದು ನಾರುತ್ತದೆ, ಹಲ್ಲುಗಳು ಸವೆಯುತ್ತವೆ. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ, ಬದಲಿಸಲೇಬೇಕು. ಎಣ್ಣೆಯ ಜಾತಿಯೂ ಸರಿಯಿರಬೇಕು. ಡಬ್ಬಿಯ ಮೇಲೆ ಜಿ.ಎಲ್.-4 ಎಂದೋ ಜಿ.ಎಲ್.-5 ಎಂದೋ ಬರೆದಿರುತ್ತದೆ. ಐದರಲ್ಲಿ ಗಂಧಕ-ರಂಜಕದ ಔಷಧ ಹೆಚ್ಚು. ನಾಲ್ಕು ಬೇಡುವ ಪೆಟ್ಟಿಗೆಗೆ ಅದನ್ನು ಸುರಿದರೆ ಒಳಗಿನ ಹಿತ್ತಾಳೆಯ ಬಳೆಗಳಿಗೆ ಕೇಡಾಗಬಹುದು. ಗಾಡಿಯ ಕೈಪಿಡಿಯಲ್ಲಿ ಏನಿದೆಯೋ ಅದನ್ನೇ ಕೇಳಿ ಹಾಕಿಸಿರಿ.

ಸೋರಿಕೆ ನಿಂತ ಮೇಲೆ ಕ್ಯಾಬಿನ್ ತೊಳೆಯಿರಿ, ಮೊದಲಲ್ಲ. ಚಾಪೆ ಎತ್ತಿ, ಬಿದ್ದ ಎಣ್ಣೆಯ ಮೇಲೆ ಮರದ ಹೊಟ್ಟು ಹಾಕಿ ಹೀರಿಸಿ ಗುಡಿಸಿ, ಬಿಸಿನೀರು-ಸಾಬೂನಿನಿಂದ ಎರಡು ಮೂರು ಸಲ ತಿಕ್ಕಿ, ಬಿಸಿಲಿಗೆ ಬಾಗಿಲು ತೆರೆದಿಡಿರಿ. ಎಣ್ಣೆ ಕುಡಿದ ಸ್ಪಂಜು ತೊಳೆದರೆ ಹೋಗದು, ಬದಲಿಸಬೇಕು. ಪೆಟ್ರೋಲಿನಿಂದ ಒರೆಸಬೇಡಿರಿ. ಕ್ಯಾಬಿನ್ನಿನಲ್ಲೇ ಸ್ಟೋವ್ ಹಚ್ಚುವವರೂ ಬೀಡಿ ಸೇದುವವರೂ ನಮ್ಮಲ್ಲಿದ್ದಾರೆ.

3.5 ಟನ್ನಿಗಿಂತ ಹೆಚ್ಚಿನ, 2025ರ ಅಕ್ಟೋಬರ್ 1ರಿಂದ ತಯಾರಾದ ಸರಕು ಗಾಡಿಗಳ ಕ್ಯಾಬಿನ್ನಿಗೆ ಎ.ಸಿ. ಇರಬೇಕೆಂದು ಸರಕಾರ ನಿಯಮ ಮಾಡಿದೆ. ಸಂತೋಷ. ಆದರೆ ಗಾಜು ಏರಿಸಿದ ಕ್ಯಾಬಿನ್ನಿನಲ್ಲಿ ಅದೇ ಗಾಳಿ ಸುತ್ತುತ್ತದೆ. ಕೆಳಗಿನ ಸೋರಿಕೆ ಹಾಗೇ ಇದ್ದರೆ ನಾತವೂ ಹೊಗೆಯೂ ಅಲ್ಲಿಯೇ ಉಳಿಯುತ್ತವೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ನಾತ ಬಂದ ದಿನವೇ ಬರೆದಿಡಿರಿ. ನಾಲ್ಕಾಣೆಯ ವಿದ್ಯೆ ಇದ್ದವನೂ ಇಷ್ಟು ಬರೆಯಬಲ್ಲ: ತಾರೀಖು, ಗಾಡಿಯ ನಂಬರು, "ಗೇರ್ ಎಣ್ಣೆಯ ನಾತ ಬರುತ್ತಿದೆ, ರಿಪೇರಿ ಬೇಕು", ಯಾರಿಗೆ ಹೇಳಿದೆ. ಅದನ್ನೇ ಹನಿಯ ಫೋಟೋದೊಡನೆ ಮಾಲೀಕರ ಮೊಬೈಲಿಗೂ ಕಳಿಸಿರಿ. ಬರೆಯಲು ಬಾರದವರಿಗೆ ಸಂಘದಲ್ಲಿ ಬರೆದುಕೊಡುತ್ತೇವೆ. ನಷ್ಟದ ಹೆಸರಿನಲ್ಲಿ ಪಗಾರ ಹಿಡಿಯುವ ಮುನ್ನ ಕೆಲಸಗಾರನಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕೆಂದು 1936ರ ವೇತನ ಪಾವತಿ ಕಾಯ್ದೆಯಲ್ಲಿತ್ತು. 2019ರ ವೇತನ ಸಂಹಿತೆಯಲ್ಲೂ ಅದು ಉಳಿದಿದೆ. ನಷ್ಟ ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು. ಎಲ್ಲ ಕಡಿತವೂ ಸೇರಿ ಪಗಾರದ ಅರ್ಧವನ್ನು ಮೀರಬಾರದು. ಆದರೆ ನಮ್ಮ ಕೈಯಲ್ಲಿ ಕಾಗದವಿಲ್ಲದಿದ್ದರೆ ಕಾನೂನಿನ ಬಾಯಿಯೂ ಕಟ್ಟಿಹೋಗುತ್ತದೆ.

ಮಾಲೀಕರೆಲ್ಲ ಕೆಟ್ಟವರೆಂದು ನಾನು ಹೇಳಲಾರೆ. ಸೀಲಿನ ಬೆಲೆಯನ್ನೂ ಕ್ಲಚ್ಚಿನ ಬೆಲೆಯನ್ನೂ ಮುಂದಿಟ್ಟು ಹೇಳಿದರೆ ಕೇಳುವವರಿದ್ದಾರೆ. ಕೇಳದವರ ಬಳಿಗೆ ಒಬ್ಬನೇ ಹೋಗಬೇಡಿರಿ. ಸಂಘದ ನಾಲ್ವರು ಜೊತೆಗೆ ಬರುತ್ತೇವೆ.

ಹೋಟೆಲಿನ ಬಂಧುಗಳೇ, ನಿಮಗೂ ಒಂದು ಮಾತು. ಸುಸ್ತಾಗಿ ಬಂದ ಚಾಲಕ "ಗಾಡಿಯಲ್ಲಿ ನಾತ" ಎಂದು ನಿಮ್ಮ ಗಲ್ಲೆಯ ಬಳಿ ಊದುಬತ್ತಿ ಕೇಳಿದರೆ, ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿರಿ. ಮೊದಲು ಒಂದು ಕಪ್ಪು ಚಹಾ ಕೊಡಿರಿ. ಆಮೇಲೆ ಒಂದು ಹಾಳೆ, ಒಂದು ಪೆನ್ನು ಕೊಟ್ಟು, "ಅಣ್ಣಾ, ಮೊದಲು ಇದರಲ್ಲಿ ಬರೆಯಿರಿ" ಎನ್ನಿರಿ.