ಮಾಲೀಕ ನಮ್ಮವನೇ ಆದ್ರೆ ಸಾಕಾ?

(ವಿದ್ಯಾರ್ಥಿ ನಿಲಯದ ಅಧ್ಯಯನ ಕೂಟದಲ್ಲಿ ಆಡಿದ ಮಾತು)



ಅಮೆರಿಕದ ಕರಿಯರ ಬಗ್ಗೆ ಮಾತಾಡುವಾಗೆಲ್ಲ ನಾವು ಬಿಳಿಯ ಒಡೆಯ, ಕರಿಯ ಗುಲಾಮ ಅಂತಲೇ ಶುರು ಮಾಡ್ತೀವಿ. ಅದು ಸುಳ್ಳಲ್ಲ. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡದ್ದು ಅಲ್ಲಿನ ಬ್ಲ್ಯಾಕ್ ಪ್ಯಾಂಥರ್‌ಗಳನ್ನು ನೋಡಿಯೇ. ಆದರೆ ಇವತ್ತು ಹೇಳೋದು ಒಡೆಯನೂ ಕರಿಯನೇ ಆಗಿದ್ದ ಕತೆ. ಇದನ್ನು ಮಾತಾಡೋಕೆ ನಮಗೆ ಸಂಕೋಚ. ನಮ್ಮೋನೇ ಗದ್ದಿಗೆ ಮೇಲೆ ಕೂತಿದ್ದಾನೆ, ಬಾಯಿ ಮುಚ್ಚಿಕೊಂಡಿರಿ ಅಂತ ನಮಗೂ ಹೇಳೋರಿದ್ದಾರಲ್ಲ.

ಡೆಟ್ರಾಯಿಟ್ ಕಾರು ತಯಾರಿಸುವ ಊರು. ಬೆರ್ರಿ ಗಾರ್ಡಿ ಅನ್ನುವ ಕರಿಯ ಅಲ್ಲಿನ ಕಾರು ಕಾರ್ಖಾನೆಯಲ್ಲಿ ದುಡಿದವನು. 1959ರಲ್ಲಿ ಮನೆಯವರ ಹತ್ತಿರ 800 ಡಾಲರ್ ಸಾಲ ತಗೊಂಡು ರೆಕಾರ್ಡ್ ಕಂಪನಿ ಶುರು ಮಾಡಿದ. ಅದೇ ಮುಂದೆ ಮೋಟೌನ್ ಆಯಿತು. ಕರಿಯರು ಹಾಡೋದು, ಬಿಳಿಯರು ದುಡ್ಡು ಎಣಿಸೋದು ಬಹುಮಟ್ಟಿಗೆ ರೂಢಿಯಾಗಿದ್ದ ಕಾಲ ಅದು. ಅವನು ಕಟ್ಟಿದ್ದು ಸಣ್ಣದಲ್ಲ. ಅದನ್ನು ಹಗುರ ಮಾಡೋರ ಜೊತೆ ನಾವಿಲ್ಲ.

ಒಳಗೆ ನಡೆದದ್ದೇನು? ಕಾರಿನ ಹಾಗೇ ಹಾಡನ್ನೂ ತಯಾರಿಸಿದ. ಯಾವುದು ಹೊರಗೆ ಬರಬೇಕು ಅಂತ ವಾರಕ್ಕೊಮ್ಮೆ ಕೂತು ತೀರ್ಮಾನಿಸೋರು. ರೆಕಾರ್ಡ್ ಕಂಪನಿ ಅವನದು, ಹಾಡಿನ ಹಕ್ಕು ಇಟ್ಟುಕೊಳ್ಳುವ ಕಂಪನಿ ಅವನದು, ಹಾಡೋರ ಪರವಾಗಿ ವ್ಯವಹಾರ ನೋಡಬೇಕಾದ ಕಂಪನಿಯೂ ಅವನದೇ. ಅನ್ಯಾಯ ಆಯ್ತು ಅಂತ ಹಾಡೋನು ಯಾರಿಗೆ ದೂರು ಕೊಡಬೇಕು? ರೆಕಾರ್ಡಿಂಗ್ ಖರ್ಚನ್ನು ಅವನ ಪಾಲಿನಿಂದಲೇ ಮುರಿದುಕೊಳ್ಳೋರು. ಜೀತದ ಲೆಕ್ಕ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾದ್ಯ ನುಡಿಸೋರ ಹೆಸರಂತೂ ವರ್ಷಗಟ್ಟಲೆ ರೆಕಾರ್ಡಿನ ಹೊದಿಕೆ ಮೇಲೆ ಇರಲಿಲ್ಲ. ಜಾತ್ರೆಯ ಕರಪತ್ರದಲ್ಲಿ ತಮಟೆ ಬಡಿಯೋನ ಹೆಸರು ಇರುತ್ತಾ?

ಈ ಕಂಪನಿಯ ಹಾಡುಗಾರ ಮಾರ್ವಿನ್ ಗೇ. ಚರ್ಚಿನಲ್ಲಿ ಹಾಡಿ ಬೆಳೆದವನು. ಇವರ ಸಂಗೀತಕ್ಕೆ ಸೋಲ್ ಅಂತಾರೆ. ನಮ್ಮ ಸೋಲು ಅಲ್ಲ, ಆತ್ಮ ಅಂತ ಅರ್ಥ. ಗಾರ್ಡಿಯ ಅಕ್ಕನನ್ನೇ ಮದುವೆಯಾಗಿದ್ದ. ವರ್ಷಗಟ್ಟಲೆ ಅವನ ಕೈಲಿ ಪ್ರೇಮಗೀತೆ ಹಾಡಿಸಿದರು. ಅಷ್ಟರಲ್ಲಿ ಅವನ ತಮ್ಮ ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದು ಕಂಡದ್ದನ್ನೆಲ್ಲ ಹೇಳಿದ. 1969ರಲ್ಲಿ ಬರ್ಕ್ಲಿಯಲ್ಲಿ ಪೋಲೀಸರು ಹುಡುಗರನ್ನು ಬಡಿದದ್ದನ್ನು ಕಣ್ಣಾರೆ ಕಂಡ ರೆನಾಲ್ಡೋ ಬೆನ್ಸನ್ ಅನ್ನುವ ಅದೇ ಕಂಪನಿಯ ಹಾಡುಗಾರ, ಅಲ್ ಕ್ಲೀವ್‌ಲೆಂಡ್ ಜೊತೆ ಸೇರಿ ಒಂದು ಹಾಡು ಕಟ್ಟುತ್ತಿದ್ದ. ಅದು ಮಾರ್ವಿನ್ ಕೈಗೆ ಬಂತು. ತನ್ನದನ್ನೂ ಸೇರಿಸಿ 1970ರಲ್ಲಿ ಹಾಡಿದ. ಹೆಸರು ‘ವಾಟ್ಸ್ ಗೋಯಿಂಗ್ ಆನ್’. ಏನು ನಡೀತಿದೆ ಅಂತ.

ಗಾರ್ಡಿ ಒಪ್ಪಲಿಲ್ಲ. ಮಾರಾಟ ಆಗಲ್ಲ, ಪ್ರತಿಭಟನೆ ಹಾಡಿದರೆ ಇರೋ ಹೆಸರೂ ಹಾಳಾಗುತ್ತೆ ಅನ್ನೋದು ಅವನ ವಾದ. ಮಾರ್ವಿನ್ ಏನು ಮಾಡಿದ? ಇದು ಹೊರಗೆ ಬರೋವರೆಗೂ ಕಂಪನಿಗೆ ಬೇರೆ ಹಾಡು ಹಾಡೋದಿಲ್ಲ ಅಂತ ಕೂತ. ಅದು ಮುಷ್ಕರವೇ ತಾನೆ? 1971ರ ಜನವರಿಯಲ್ಲಿ ಕಂಪನಿ ಹಾಡನ್ನು ಹೊರಕ್ಕೆ ಬಿಟ್ಟಿತು. ಬಿಟ್ಟ ಕೂಡಲೇ ಅಂಗಡಿಗಳಿಂದ ಇನ್ನೂ ಲಕ್ಷ ಪ್ರತಿಗಳಿಗೆ ಬೇಡಿಕೆ ಬಂತು. ಆಗ ಬೇಡ ಅಂದಿದ್ದ ಗಾರ್ಡಿಯೇ ಇಡೀ ಆಲ್ಬಂ ಬೇಕು ಅಂದ. ಮೇ ತಿಂಗಳಲ್ಲಿ ಅದು ಬಂದಾಗ ನುಡಿಸಿದವರ ಹೆಸರು ಮೊದಲ ಸಲ ಹೊದಿಕೆ ಮೇಲೆ ಅಚ್ಚಾಗಿತ್ತು. ನಮ್ಮ ಮಟ್ಟಿಗೆ ಹಾಡಿನಷ್ಟೇ ದೊಡ್ಡದು ಇದು.

ಅದೇ ವರ್ಷ 21 ತುಂಬಿದ ಸ್ಟೀವಿ ವಂಡರ್, 11ನೇ ವಯಸ್ಸಿಗೇ ಕಂಪನಿ ಸೇರಿದ್ದ ಕಣ್ಣಿಲ್ಲದ ಹುಡುಗ, ಹಳೇ ಕರಾರು ಮುಗಿಸಿ ಹಿಡಿತ ತನ್ನ ಕೈಲಿರೋ ಹೊಸ ಕರಾರು ಬರೆಸಿಕೊಂಡ.

ಮಾರ್ವಿನ್‌ಗೆ ಗೆಲುವು ಉಳಿಯಲಿಲ್ಲ. 1981ರಲ್ಲಿ, ಅವನು ಇನ್ನೂ ಮುಗಿಸದ ಆಲ್ಬಮನ್ನು ಕಂಪನಿಯೇ ತಿದ್ದಿ ಅವನ ಒಪ್ಪಿಗೆಯಿಲ್ಲದೆ ಮಾರಾಟಕ್ಕಿಟ್ಟಿತು. ಅವನು ಕಂಪನಿ ಬಿಟ್ಟ. 1984ರಲ್ಲಿ ಹೆತ್ತ ತಂದೆಯ ಗುಂಡಿಗೆ ಸತ್ತ. 1988ರಲ್ಲಿ ಗಾರ್ಡಿ ಮೋಟೌನನ್ನು 6 ಕೋಟಿ 10 ಲಕ್ಷ ಡಾಲರಿಗೆ ಮಾರಿದ. ಸತ್ತವರ, ಬದುಕಿದ್ದವರ ದನಿಗಳೆಲ್ಲ ಆ ಲೆಕ್ಕದೊಳಗೇ ಹೋದವು.

ಹಾಗಾದ್ರೆ ನಮ್ಮೋರು ಏನೂ ಕಟ್ಟಲೇಬಾರದಾ ಅಂತ ಹಿಂದೆ ಕೂತ ತಮ್ಮ ಕೇಳ್ತಿದ್ದಾನೆ. ಅದನ್ನೇ ಈಗ ಚರ್ಚೆ ಮಾಡೋಣ. ಹಾಡು ಕೇಳಬೇಕು ಅನ್ನೋರು ಊಟ ಆದಮೇಲೆ ಇಲ್ಲೇ ಇರಿ.