ಮೊಟ್ಟೆಯ ಬೆಲೆ, ಮಾತಿನ ಬೆಲೆ



ಐಮಂಗಲ ಹೆದ್ದಾರಿಯ ಮೇಲಿನ ಊರು. ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ ಹಗಲೂ ರಾತ್ರಿ ವಾಹನಗಳ ಓಡಾಟ. ನಾಟಿ ಮೊಟ್ಟೆ ಎಂದರೆ ಫಾರಂ ಮೊಟ್ಟೆಗಿಂತ ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರು ಅವುಗಳಲ್ಲಿ ಇದ್ದಾರೆ. ಆ ಬೆಲೆ ನಮ್ಮ ಕೈಯಲ್ಲಿ ಉಳಿಯುವುದು ಹೇಗೆ? ಈ ಹೊತ್ತು ಅದನ್ನು ವಿಚಾರ ಮಾಡೋಣ.

ಮೊದಲು ಲೆಕ್ಕ ನೋಡಿ. ಪಂಜರದ ಕೋಳಿ ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಡುತ್ತದೆ. ಹಿತ್ತಲಲ್ಲಿ ಕೆದಕಿ ಮೇಯುವ ನಾಟಿ ಕೋಳಿ ಇಡುವುದು 50-60ರಷ್ಟು. ಹೆಚ್ಚು ಬೆಲೆ ಕೇಳುವುದು ನ್ಯಾಯವೇ ಆಯಿತು. ಇನ್ನು ಪಂಜರದ ಕೋಳಿಗೆ ರೆಕ್ಕೆ ಬಿಚ್ಚಲು ಜಾಗವಿಲ್ಲ, ಕೆದಕಲು ಮಣ್ಣಿಲ್ಲ. ಅದು ಸಲ್ಲದು ಎನ್ನುವ ಜನ ಪೇಟೆಯಲ್ಲಿದ್ದಾರೆ. ಅಲುಗಾಡಲು ಸಾಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ತಪ್ಪೆಂದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯೂ ಹೇಳುತ್ತದೆ.

ಆದರೆ ಕೊಳ್ಳುವವರು ನಿಮ್ಮ ಹಿತ್ತಲು ಕಂಡವರಲ್ಲ. ಸಿಪ್ಪೆಯ ಬಣ್ಣ ನೋಡಿದರೂ ತಿಳಿಯದು. ಬಣ್ಣ ಬರುವುದು ತಳಿಯಿಂದ. ಕಂದು ಮೊಟ್ಟೆಯ ಕೋಳಿಯನ್ನೂ ಪಂಜರದಲ್ಲಿ ಸಾಕುತ್ತಾರೆ. ಯುರೋಪಿನ ಒಕ್ಕೂಟದ ದೇಶಗಳಲ್ಲಿ ಮೊಟ್ಟೆಯ ಮೇಲೆಯೇ ಅಂಕಿ ಒತ್ತುತ್ತಾರೆ: 0 ಸಾವಯವ, 1 ಬಯಲಲ್ಲಿ ಮೇದದ್ದು, 2 ಪಂಜರವಿಲ್ಲದೆ ಮನೆಯೊಳಗೆ ಬಿಟ್ಟು ಸಾಕಿದ್ದು, 3 ಪಂಜರದ್ದು. ನಮ್ಮ ಸಂತೆಯಲ್ಲಿ ಅಂಥ ಗುರುತಿಲ್ಲ. ಇರುವುದು ನಿಮ್ಮ ಮಾತೊಂದೇ.

ಬೇಸಿಗೆಯಲ್ಲಿ ಮೊಟ್ಟೆ ಕಡಿಮೆಯಾದಾಗ ಫಾರಂ ಮೊಟ್ಟೆ ತಂದು ಬೆರೆಸುವ ಆಸೆ ಬರುತ್ತದೆ. ಖಂಡಿತ ಬೇಡ. "ಈ ಹೊತ್ತು ಇಷ್ಟೇ ಇರೋದು" ಅನ್ನಿ. ಒಬ್ಬರು ಬೆರೆಸಿ ಸಿಕ್ಕಿಬಿದ್ದರೆ ಇಡೀ ಊರಿನ ಮೊಟ್ಟೆಯ ಬೆಲೆ ಬಿದ್ದುಹೋಗುತ್ತದೆ.

ಹಾಗಾದರೆ ಏನು ಮಾಡಬೇಕು? ಐದಾರು ಮನೆಯ ಹೆಣ್ಣುಮಕ್ಕಳು ಸೇರಿಕೊಳ್ಳಿ. ಒಬ್ಬರ ಗೂಡನ್ನು ಇನ್ನೊಬ್ಬರು ನೋಡಿ ಬನ್ನಿ. ಇಟ್ಟ ದಿನವನ್ನು ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಕೋಳಿಗೆ ಹಗಲು ನೆರಳು, ನೀರು ಇರಲಿ. ರಾತ್ರಿ ಒಣಗಿದ ಗೂಡು, ಕೂರಲು ಅಡ್ಡಗೋಲು ಇರಲಿ. ಕೊಕ್ಕರೆ ರೋಗದ ಲಸಿಕೆಯನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ. ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ ತಳಿಯನ್ನು ಸಾಕಿದ್ದರೆ ಗಿರಿರಾಜ ಎಂದೇ ಹೇಳಿ ಮಾರಿ, ನಾಟಿ ಎನ್ನಬೇಡಿ. ಈ ಮೊಟ್ಟೆ ತಿಂದರೆ ರೋಗ ವಾಸಿ ಎಂದು ಇಲ್ಲದ್ದನ್ನೂ ಕಟ್ಟಬೇಡಿ.

"ನಮ್ಮ ಕೋಳಿ ಬಯಲಲ್ಲಿ ಮೇದದ್ದು, ಬೇಕಾದರೆ ಬಂದು ನೋಡಿ" ಎಂದು ಧೈರ್ಯವಾಗಿ ಕರೆಯಿರಿ. ನೋಡಿ ಹೋದವರು ಮತ್ತೆ ಬರುತ್ತಾರೆ, ನಾಲ್ಕು ಜನರಿಗೆ ಹೇಳುತ್ತಾರೆ. ಆಗ ಹೆಚ್ಚಿನ ಬೆಲೆಗೆ ನೀವು ವಾದ ಮಾಡಬೇಕಾಗಿಲ್ಲ.